ಮೂರನೇ ಸಿಲಿಂಡರ್

ಜತ್ತಿನ್ಯಾಗ, ಉಮದಿ ರೋಡಿಗೆ, ಬಾಬಾಲಾಲ ಮಿಸ್ತ್ರಿಯ ಶೆಡ್ಡಿನ್ಯಾಗ
ಸರಪಳಿಗೆ ತೂಗತೈತಿ ನನ್ನ ಜೀಪಿನ ಎಂಜಿನ್.
ಬಾನೆಟ್ ತಗದ ಖಾಲಿ ಹೊಟ್ಟ್ಯಾಗ
ಒಂದು ಕೋಳಿ ಕಾವಿಗೆ ಕುಂತೈತಿ,
ಎಬ್ಬಿಸಿದರ ಏಳವಲ್ದು.

"ಮೂರನೇದರಾಗ ಕೈ ಹಾಕು," ಅಂದ ಮಿಸ್ತ್ರಿ,
"ಕಣ್ಣಿಂದ ಬ್ಯಾಡ, ಉಗುರಿಂದ ನೋಡು."
ಹಾಕಿದೆ. ಮ್ಯಾಲಿನ ಅಂಚಿಗೆ ಉಗುರು ತಡೀತು.
ಇಪ್ಪತ್ತೆರಡು ವರ್ಷ ಏರಿ ಇಳದ ಪಿಸ್ಟನ್
ಬಾವಿ ದಂಡಿಯ ಕಲ್ಲು ಹಗ್ಗಕ್ಕ ಸವದಂಗ
ಮುಟ್ಟಿದ್ದನ್ನೆಲ್ಲಾ ಸವಿಸೈತಿ.
ತಡದದ್ದು ಮುಟ್ಟದ ಗ್ವಾಡಿ,
ಹೊಸಾದಿದ್ದಾಗಿನ ಅಳತಿ, ಒಂದು ಬಳಿಯಷ್ಟು ಉಳದೈತಿ.

ಎರಡು ಹಾದಿ, ಅಂದ.
ಮಿರಜಿನ ಲೇಥಿಗೆ ಒಯ್ದು ಬೋರ್ ಹೊಡಸೂದು,
ಲೈನರ್, ಪಿಸ್ಟನ್, ರಿಂಗ್: ನಲವತ್ತೊಂದು ಸಾವಿರ, ಹತ್ತು ದಿನ.
ಕ್ರ್ಯಾಂಕಿಗೆ ಆಗಲೇ ಎರಡು ಸಲ ಸಾಣಿ ಆಗೇತಿ,
ಮೂರನೇದು ತಡದರ ತಡೀತು,
"ಅದರ ಗ್ಯಾರಂಟಿ ಕೊಡಾಂವ ನಾ ಅಲ್ಲ, ಮ್ಯಾಲಿನಾಂವ."
ಇಲ್ಲಾ, ಕೊಲ್ಲಾಪುರದ ಗುಜರಿಯಾಗ ಒಂದು ಎಂಜಿನ್ ಐತಿ.
ಐವತ್ತೆಂಟು. ಎರಡ ದಿನ. ಕೀಲಿ ತಿರುವು, ಹೋಗು.

ನೋಡಾಕ ಹೋದೆ.
ಹಳೇ ಟಾಯರಿನ ಮ್ಯಾಲೆ ಅದನ್ನ ಕುಂದ್ರಿಸಿ
ಬ್ಯಾಟರಿ ತಂತಿ ಹಚ್ಚಿದ ಅಂಗಡಿ ಹುಡುಗ.
ಹೊಗಿ ಇಲ್ಲ, ಕೆಮ್ಮಿಲ್ಲ,
ಹೊಸಾ ಮಾಸ್ತರ ಮೊದಲನೇ ದಿನ ಪಾಠ ಓದಿದಂಗ
ಒಂದು ಕಡೆನೂ ತೊದಲಲಿಲ್ಲ.
ಯಾವ ಗಾಡೀದು? ಅಂದೆ.
"ಆ್ಯಕ್ಸಿಡೆಂಟ್ ಗಾಡೀದು."
ಯಾರಿಗೇನಾತು?
"ಎಂಜಿನ್ನಿಗೇನೂ ಆಗಿಲ್ಲ, ಕಾಕಾ."

ರಾತ್ರಿ ಸುಸಲವ್ವ ಲೆಕ್ಕದ ವಹಿ ತಗದು ಕುಂತಳು.
"ಎಂಜಿನ್ ನಂಬರ್ ಬದಲಾದರ ಆರ್‌ಸಿ ಬುಕ್ಕಿನಾಗೂ ಬದಲಾಗಬೇಕಲ್ಲ,
ಸಾಂಗಲಿಗೆ ಎಷ್ಟು ಖೇಪ?"
ನಾಕೈದು.
"ಅರ್ಜಿ?"
ಮರಾಠ್ಯಾಗ.
"ಮತ್ತ ಹೋಗೂದು ಯಾತರಾಗ?"

ನಾ ಸುಮ್ಮಾದೆ. ಇನ್ನೊಂದು ಕಾರಣ ಇತ್ತು, ಹೇಳಾಕ ನಾಚಿಕಿ.
ಸಂಖದ ತಿರುವಿನ್ಯಾಗ ಕಣ್ಣು ಕಾಣದ ಮಾಳವ್ವಾಯಿ
ನಾ ಹಾರ್ನ್ ಹೊಡಿಯೂದರಾಗ ಬುಟ್ಟಿ ಹೊತ್ತು ನಿಂತಿರತಾಳ.
ಉಳದ ವಡಾಪಿನವರು ಗಂಟಲ ಹರಕೊಂಡರೂ ಏರೂದಿಲ್ಲ.
ಐವತ್ತೆಂಟು ಸಾವಿರಕ್ಕ
ಆ ಸಪ್ಪಳ ಕೊಲ್ಲಾಪುರದಾಗ ಯಾರು ಕೊಡತಾರ?

ಹಳೇದನ್ನ ಮಾಡಿಸಿದೆ.
ಹತ್ತು ದಿನ ಇಪ್ಪತ್ಮೂರಾತು.
ಕ್ರ್ಯಾಂಕ್ ತಡೀತು, ಪಂಪ್ ತಡೀಲಿಲ್ಲ,
ನಲವತ್ತೊಂದು ಐವತ್ಮೂರಕ್ಕ ಬಂದು ನಿಂತಿತು.
ಕೋಳಿ ಮರಿ ಮಾಡಿ ಎದ್ದು ಹೋಗಿತ್ತು.
"ಸಾವಿರ ಕಿಲೋಮೀಟರ್ ತಾಳು," ಅಂದ ಮಿಸ್ತ್ರಿ,
"ನಲವತ್ತರ ಮ್ಯಾಲೆ ಓಡಸಬ್ಯಾಡ, ಹದಿನಾರು ಮಂದಿ ತುಂಬಬ್ಯಾಡ.
ರಿಂಗೂ ಹೊಸಾದು, ಗ್ವಾಡಿನೂ ಹೊಸಾದು,
ಒಂದಕ್ಕೊಂದು ಪಳಗಬೇಕು."

ಸಂತಿ ದಿನ. ಸಂಖದ ತಿರುವು.
ಮಾಳವ್ವಾಯಿ ಮುಂದ ಗಾಡಿ ನಿಲ್ಲಿಸಿದೆ.
ಏರಲಿಲ್ಲ.
"ಯಾರ ಗಾಡಿ?"
ನಂದು, ಆಯಿ. ರೇವಪ್ಪಂದು.
"ಅಲ್ಲ ಬಿಡು. ರೇವಪ್ಪನ ಗಾಡಿ
ಹಳ್ಳ ದಾಟೂ ಮೊದಲ ಕೆಮ್ಮತಿತ್ತು."

ಒಳಗಿನ ಮಂದಿ ನಕ್ಕರು. ನನಗ ನಗಿ ಬರಲಿಲ್ಲ.
ಇಳದೆ. ಅಕಿ ಕೈ ಹಿಡದು ಬಾನೆಟ್ಟಿನ ಮ್ಯಾಲಿಟ್ಟೆ.
ಸ್ವಲ್ಪ ಹೊತ್ತು ಹಂಗ ನಿಂತಳು,
ಬಿಸಿ ಹತ್ತಿದ ಮ್ಯಾಲೆ ತಗದಳು.
ಹಿಂದಕ್ಕ ಹೋಗಿ, ಬಾಗಲದ ಕಂಬಿಗೆ
ನಾ ಎಂದೋ ಕಟ್ಟಿದ ಹಗ್ಗದ ಗಂಟು ಹುಡಿಕಿದಳು.
ಸಿಕ್ಕಿತು.

"ಹಂಗಾದರ ಜ್ವರಾ ಬಿಟ್ಟೈತಿ ಅನ್ನು,"
ಅಂತ ಬುಟ್ಟಿ ಒಳಗ ದಬ್ಬಿ, ಒಂದು ಕಾಲು ಮ್ಯಾಲಿಟ್ಟು ನಿಂತಳು.
"ಚಾರ್ಜ್ ಏರಿಸೀಯೇನು ಮತ್ತ?"